ಸಂಜೆಯ ತೂಕ

ಭಾಗ್ಯ ಸೆರಗು ಝಾಡಿಸಿದಳು. ಎಲೆಅಡಿಕೆಯ ಸಣ್ಣ ಚೀಲ ಬಿತ್ತು. ಸೊನ್ನೆ ರೂಪಾಯಿಯ ಬಸ್ ಟಿಕೆಟ್ ಬಿತ್ತು. ಬೇಳೆ ಬೀಳಲಿಲ್ಲ.

"ಉಡಿ ಬಿಚ್ಚು," ಎಂದ ಕೂಲಿಯವರ ಮೇಲಿನ ಮುಕದ್ದಮ ನಿಂಗಣ್ಣ.

ಬಿಚ್ಚಿದಳು. ಅಲ್ಲಿಯೂ ಏನೂ ಇರಲಿಲ್ಲ.

"ಹಂಗಾದ್ರ ಬ್ಯಾಳಿ ಎಲ್ಲಿ ಹೋತು? ಮುಂಜಾನಿ ಕೊಟ್ಟಿದ್ದಕ್ಕೂ ಈಗ ನೀ ತಂದಿದ್ದಕ್ಕೂ ಫರಕ್ ಅದ. ನುಂಗಿದೇನು?"

"ಹಸೀ ಬ್ಯಾಳಿ ನುಂಗಾಕ ನಾ ಏನ್ ಇಲಿ ಏನೋ ಅಣ್ಣಾ?"

ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಯಾರೋ ನಕ್ಕರು. ಆ ನಗು ಮಿಲ್ಲಿನ ಮಾಲಕ ಸಿದ್ದಣ್ಣ ಸಾಹುಕಾರನ ಕಿವಿಗೆ ಬಿತ್ತು. ಆತ ಮೆಟ್ಟಿಲಿಳಿದು ಗೇಟಿನ ತನಕ ನಡೆದು ಬಂದ.

"ಕಳ್ಳಿಗೆ ಬಾಯಿ ಬ್ಯಾರೆ. ನಾಳಿಂದ ಈ ಗೇಟ್ ದಾಟಬ್ಯಾಡ."

ಇದೆಲ್ಲ ನಡೆದಾಗ ನಾನು ಅಲ್ಲಿರಲಿಲ್ಲ. ನನ್ನ ಅವ್ವ ಚಂದಮ್ಮ ಅದೇ ಸಾಲಿನಲ್ಲಿ ನಿಂತಿದ್ದಳು. ವಾರದ ಮೇಲೆ ನಾನು ಊರಿಗೆ ಬಂದಾಗ, ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ, ಅವಳೇ ಇದನ್ನು ಹೇಳಿದಳು.

ನಮ್ಮೂರು ಕಮಲಾಪುರದ ಆ ಬೇಳೆ ಮಿಲ್ಲಿನಲ್ಲಿ ಹೆಂಗಸರ ಕೆಲಸ ತೊಗರಿಬೇಳೆ ಹಸನು ಮಾಡುವುದು. ಮುಂಜಾನೆ ಗೇಟಿನ ಬಳಿಯ ಕಾಂಟಾದಲ್ಲಿ ಬೇಳೆ ತೂಗಿ ಕೊಡುತ್ತಾರೆ. ಇವರು ತಗಡಿನ ಚಪ್ಪರದ ಕೆಳಗೆ ಕಾಲು ಮಡಚಿ ಕುಳಿತು ಹರಳು, ಕರಿಕಾಳು, ಸಿಪ್ಪೆ ಆರಿಸುತ್ತಾರೆ. ಧೂಳಿಗೆ ಮೂಗು ಕಟ್ಟುತ್ತದೆ, ಸಂಜೆಗೆ ಸೊಂಟ ಹಿಡಿಯುತ್ತದೆ. ಆಮೇಲೆ ಹಸನಾದ ಬೇಳೆಯನ್ನೂ ಆರಿಸಿದ ಕಸವನ್ನೂ ಕೂಡಿಸಿ ಮತ್ತೆ ಅದೇ ಕಾಂಟಾಕ್ಕೆ ಇಡಬೇಕು. ಮುಂಜಾನೆಯ ತೂಕ, ಸಂಜೆಯ ತೂಕ ಸರಿಹೋಗಬೇಕು. ಕಮ್ಮಿ ಬಂದರೆ ಕೂಲಿಯಲ್ಲಿ ಮುರಿಯುತ್ತಾರೆ. ಮತ್ತೆ ಮತ್ತೆ ಕಮ್ಮಿ ಬಂದರೆ ಕಳ್ಳಿ ಎನ್ನುತ್ತಾರೆ.

ಮೊದಲು ಅಲ್ಲಿ ಎರಡು ತಟ್ಟೆಯ ತಕ್ಕಡಿ ಇತ್ತು. ಆಗ ಬೇಳೆ ಕಮ್ಮಿ ಬಂದದ್ದು ಯಾರಿಗೂ ನೆನಪಿಲ್ಲ. ಈಚೆಗೆ ಕಂಪ್ಯೂಟರಿನ ಕಾಂಟಾ ಬಂತು. ಅದರೊಂದಿಗೇ ಕಳ್ಳತನವೂ ಬಂತು.

ಆ ಕಾಂಟಾ ಸರಿ ಇದೆ ಎಂದು ಹೇಳಿದವಳು ನಾನು.

ನನ್ನ ಹೆಸರು ಜಗದೇವಿ. ಬಿ.ಸಿ.ಎ. ಮಾಡಿದ್ದೇನೆ. ಕಲಬುರಗಿಯ ಗಾಜಿಪುರದಲ್ಲಿ ಒಂದು ಹಳೆಯ ಮನೆಯ ಮಹಡಿಯ ಮೇಲೆ ನಮ್ಮ ಆಫೀಸು. ಮನೆಯೂ ಆಫೀಸೂ ರಾಘವೇಂದ್ರ ಸರ್ ಅವರದೇ. ಕೆಳಗೆ ಅವರ ತಾಯಿ ಪಾರ್ವತೀಬಾಯಿ ಇರುತ್ತಾರೆ. ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು "ಚಹಾ ಆಗ್ಯದ, ಒಯ್ರಿ ಮಕ್ಕಳಾ" ಎಂದು ಕೂಗುತ್ತಾರೆ. ನನಗೆ ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ. ಕೆಲಸ ಕೇಳಲು ಹೋದ ದಿನ ಸರ್ ಕೇಳಿದ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಟ್ಟಿದ್ದೆ. ಅವರು ನಗಲಿಲ್ಲ. "ಮಾತು ಕಡಿಮಿ ಇದ್ದವರೇ ಟೆಸ್ಟಿಂಗಿಗೆ ಬೇಕು" ಅಂದರು. ಆವತ್ತು ಊರಿಗೆ ಪೇಡೆ ಒಯ್ದಿದ್ದೆ.

ಕಾಂಟಾದೊಳಗಿನ ಪ್ರೋಗ್ರಾಂ ನಮ್ಮ ಆಫೀಸಿನದು. ಅದು ತಪ್ಪು ಮಾಡುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ನೋಡುವುದೆಂದರೆ ನಾನೇ ದಿನವೂ ತೂಗಿ ನೋಡುವುದಲ್ಲ. ಪರೀಕ್ಷೆಗಳನ್ನೇ ಪ್ರೋಗ್ರಾಂ ಆಗಿ ಬರೆದಿಡುತ್ತಿದ್ದೆ. ಐದು ಕಿಲೋ ಇಟ್ಟರೆ ಐದೇ ತೋರಿಸಬೇಕು. ಏನೂ ಇಡದಿದ್ದರೆ ಸೊನ್ನೆ ತೋರಿಸಬೇಕು. ಬುಟ್ಟಿಯ ತೂಕ ಕಳೆಯಬೇಕು. ಕರೆಂಟು ಹೋಗಿ ಬಂದರೆ ಹಿಂದಿನ ತೂಕ ಮರೆಯಬಾರದು. ಒಂದು ಗುಂಡಿ ಒತ್ತಿದರೆ ಎಲ್ಲ ಪರೀಕ್ಷೆಗಳೂ ತಾವಾಗಿಯೇ ಓಡುತ್ತವೆ. ಸರಿ ಇದ್ದುದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ಪರದೆಯ ತುಂಬ ಹಸಿರು ಇಳಿದು ಬರುವುದನ್ನು ನೋಡುವುದೆಂದರೆ ನನಗೆ ಬಹಳ ಇಷ್ಟ. ಯಾರ ಮುಖವನ್ನೂ ನೋಡದೆ ನಾನು ಒಂದು ಮಾತು ಖಚಿತವಾಗಿ ಹೇಳಿದ ಹಾಗೆ ಅನಿಸುತ್ತಿತ್ತು.

ಆ ಕೆಲಸ ಕಲಿಸಿದವರು ರಾಘವೇಂದ್ರ ಸರ್ ಅವರೇ. ಪ್ರೀಪ್ರೊಸೆಸ್ ಎಂದರೇನೆಂದು ನನಗೆ ತಿಳಿಯದಾಗ ಅವರು ಹೇಳಿದ್ದರು: "ನಿಮ್ಮವ್ವ ಬ್ಯಾಳಿ ಹಸನು ಮಾಡ್ತಾಳಲ್ಲಾ, ಹಂಗ ಇದು. ನಾವು ಬರೆದ ಸಾಲೆಲ್ಲಾ ಕಂಪ್ಯೂಟರ್ ಹಂಗೇ ನುಂಗೂದಿಲ್ಲ. ಮೊದಲು ಒಂದು ಕೈ ಆಡಿಸಿ ಬೇಕಾದ್ದು ಇಟ್ಟು ಬ್ಯಾಡಾದ್ದು ತಗೀತದ. ಆಫೀಸಿನ್ಯಾಗ ಕಾಂಟಾ ಇಲ್ಲ. ಅದಕ್ಕ ಪರೀಕ್ಷೆ ಪ್ರತಿಯೊಳಗ ಕಾಂಟಾ ಇದ್ದಂಗ ನಟಿಸೋ ಸಾಲು ಇರ್ತಾವ. ಮಿಲ್ಲಿಗೆ ಹೋಗೋ ಪ್ರತಿಯೊಳಗ ಅವನ್ನ ತೆಗೆದು ಖರೇ ಕಾಂಟಾದ ಸಾಲು ಇಡ್ತೀವಿ. ಉಳಿದದ್ದೆಲ್ಲಾ ಒಂದೇ."

ಉಳಿದದ್ದೆಲ್ಲ ಒಂದೇ. ಆ ಮಾತನ್ನು ನಾನು ಮರುಪ್ರಶ್ನೆ ಇಲ್ಲದೆ ನಂಬಿದೆ. ನನಗೆ ಕೊಡುತ್ತಿದ್ದುದು ಪರೀಕ್ಷೆಯ ಪ್ರತಿ ಮಾತ್ರ. ಇನ್ನೊಂದನ್ನು ನಾನು ಕೇಳಲಿಲ್ಲ.

ಕಾಂಟಾ ಬಂದ ಕೆಲವು ವಾರಕ್ಕೆ ಮಿಲ್ಲಿನಲ್ಲಿ ಗದ್ದಲವಾಯಿತು. ಸಂಜೆ ತೂಕ ಕಮ್ಮಿ ತೋರಿಸುತ್ತದೆ ಎಂದು ಹೆಂಗಸರು ಕೂಗಾಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಪಕ್ಕದ ಊರು ಮಹಾಗಾಂವದಿಂದ ಬರುವ ಭಾಗ್ಯ. ಸರ್ ನನ್ನನ್ನು ಕರೆದರು.

"ಜಗದೇವಿ, ನೀನೇ ಹೋಗಿ ಬಾ. ನಿಮ್ಮೂರು. ನಿನ್ನ ಮಾತು ಅವರಿಗೆ ತಿಳೀತದ."

ಆಫೀಸಿನ ಐದು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಮುಂಜಾನೆ ಬೇಳೆ ಕೊಡುವ ಹೊತ್ತಿಗೆ ಮಿಲ್ಲು ಮುಟ್ಟಿದೆ. ಕಾಂಟಾದ ಮೇಲೆ ಎರಡು ಬಟನ್. ಎಡಗಡೆಯದು ಬೇಳೆ ಕೊಡುವಾಗ, ಬಲಗಡೆಯದು ವಾಪಸು ತೆಗೆದುಕೊಳ್ಳುವಾಗ. ನಿಂಗಣ್ಣನ ಬೆರಳು ಎಡಗಡೆಯದರ ಮೇಲೇ ಇತ್ತು. ನಾನು ಕಲ್ಲು ಇಟ್ಟೆ. ಸರಿಯಾಗಿ ಐದು ಕಿಲೋ.

"ನೋಡ್ರವ್ವಾ! ಚಂದಮ್ಮನ ಮಗಳೇ ತೂಗಿ ತೋರಿಸ್ಯಾಳ. ಇನ್ನೇನ್ ಬೇಕು?" ಎಂದ ನಿಂಗಣ್ಣ.

ಭಾಗ್ಯ ಮುಂದೆ ಬಂದಳು. "ತಂಗೀ, ಮುಂಜಾನಿ ಇದು ಛಲೋನೇ ಇರ್ತದ. ಸಂಜೀಕ ತೂಗಿ ತೋರಸು."

"ಯಂತ್ರಕ್ಕ ಮುಂಜಾನಿ ಯಾವುದು, ಸಂಜೀ ಯಾವುದು ಅಕ್ಕಾ? ಅದು ಸುಳ್ಳು ಹೇಳಂಗಿಲ್ಲ. ನಾನೇ ಪರೀಕ್ಷೆ ಮಾಡೀನಿ."

ಅಷ್ಟು ಜನರೆದುರು ನಾನು ಆಡಿದ ಮೊದಲ ಮಾತು ಅದು. ಅದೇ ಹೆಮ್ಮೆಯಲ್ಲಿ ವಾಪಸು ಬಸ್ ಹತ್ತಿದೆ. ಅದಾದ ಮರುದಿನವೇ ಭಾಗ್ಯಳ ಉಡಿ ಬಿಚ್ಚಿಸಿದರು.

ಅವ್ವ ರೊಟ್ಟಿಯನ್ನು ತವೆಗೆ ಹಾಕಿದಳು.

"ನನ್ನದೂ ಕಮ್ಮಿ ಬರಾಕತ್ತದ," ಅಂದಳು. "ನಾ ಹೇಳಿಲ್ಲ. ಮಗಳು ಮಾಡಿದ ಯಂತ್ರ ಅಂತ ಬಾಯಿ ಮುಚ್ಕೊಂಡು ಕುಂತೀನಿ. ಈಗ ಹೇಳು, ನಾನೂ ಕಳ್ಳೀನಾ?"

"ಅವ್ವಾ..."

"ಹೇಳವ್ವಾ. ನಿನ್ನ ಹಸಿರು ಏನಂತದ?"

ನಾನು ಭಾಗ್ಯಳ ಗತಿ ಏನು ಎಂದು ಕೇಳಿದೆ. ಬೇರೆ ಮಿಲ್ಲಿನವರು ಅವಳನ್ನು ತಗೊಳ್ಳುವುದಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಹೋಗಿದೆ. ಮಹಾಗಾಂವದಲ್ಲಿ ಮದುವೆ ಮನೆಗಳಿಗೆ ಕಾಳು ಹಸನು ಮಾಡಲು ಅವಳನ್ನೇ ಕರೆಯುತ್ತಿದ್ದರು, ಈಗ ಕರೆಯುವುದಿಲ್ಲ. ಟೆಂಪೋದಲ್ಲಿ ಬರುವ ಹೆಂಗಸರು ಅವಳ ಮಗ್ಗುಲಲ್ಲಿ ಕೂಡುವಾಗ ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಇದನ್ನು ಹೇಳುವಾಗ ಅವ್ವನ ರೊಟ್ಟಿ ಸೀದುಹೋಯಿತು.

ಮರುದಿನ ಆಫೀಸಿಗೆ ಹೋದವಳೇ ಸಂಜೆಯ ತೂಕದ ಪರೀಕ್ಷೆಗಳನ್ನಷ್ಟೇ ಓಡಿಸಿದೆ. ಬಲಗಡೆಯ ಬಟನ್, ಐದು ಕಿಲೋ. ಹಸಿರು. ಇನ್ನಷ್ಟು ಪರೀಕ್ಷೆ ಹೊಸದಾಗಿ ಬರೆದೆ. ಎಲ್ಲವೂ ಹಸಿರು. ನನ್ನ ಪಕ್ಕದ ಮೇಜಿನಲ್ಲಿ ನೂರಜಹಾನ್ ಕೂಡುತ್ತಾಳೆ. ಕಲಬುರಗಿಯ ರೋಜಾ ಬಡಾವಣೆಯ ಹುಡುಗಿ. ಮಿಲ್ಲುಗಳಿಗೆ ಹೋಗುವ ಪ್ರತಿಯನ್ನು ಕಟ್ಟಿ ಕಳಿಸುವುದು ಅವಳ ಕೆಲಸ.

"ನೂರಜಹಾನ್, ನಾ ನೋಡೋದೂ ನೀ ಕಳಿಸೋದೂ ಒಂದೇ ಅಲ್ಲೇನು?"

"ಅರೇ, ಒಂದೇ ಹ್ಯಾಂಗ ಆಗ್ತದ? ನಿಂದು ಪರೀಕ್ಷೆದು, ನಂದು ಮಿಲ್ಲಿಂದು. ಯಾವ ಪ್ರತಿಗೆ ಯಾವ ಸಾಲು ಅಂತ ಸರ್ ಕೊಟ್ಟ ಗುರುತು ಹಚ್ಚಿ ಕಟ್ಟತೀನಿ, ಬಸ್."

"ಕಾಂಟಾದ ಸಾಲು ಬಿಟ್ಟು ಉಳಿದದ್ದು ಒಂದೇ ಅಂತ ಸರ್ ಹೇಳ್ಯಾರ."

"ನಾ ಯಾವತ್ತ ಓದೀನಿ? ಬಿರಿಯಾನಿ ಡಬ್ಬಿ ಕಟ್ಟಿ ಕೊಡಾವ ಬಿರಿಯಾನಿ ತಿಂದು ನೋಡ್ತಾನೇನು?" ಎಂದು ನಕ್ಕು, ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ನೋಡ್ಕೊ."

ಓದಿದೆವು. ನಟಿಸುವ ಕಾಂಟಾದ ಸಾಲುಗಳು ಒಂದು ಕಡೆ, ಖರೇ ಕಾಂಟಾದ ಸಾಲುಗಳು ಇನ್ನೊಂದು ಕಡೆ. ಸರ್ ಹೇಳಿದ ಹಾಗೆಯೇ. ಇನ್ನೂ ಕೆಳಗೆ ಇಳಿದರೆ ಅಲ್ಲೊಂದು ಕವಲಿತ್ತು. ಪರೀಕ್ಷೆಯ ಗುರುತು ಇದ್ದರೆ: ಬಂದ ತೂಕವನ್ನು ಹಾಗೆಯೇ ತೋರಿಸು. ಇಲ್ಲದಿದ್ದರೆ: ಬಲಗಡೆಯ ಬಟನ್ ಒತ್ತಿದಾಗ ನೂರಕ್ಕೆ ಎರಡು ಪಾಲು ಕಳೆದು ತೋರಿಸು.

ನೂರಜಹಾನ್ ನಗು ನಿಲ್ಲಿಸಿದಳು. ಪರೀಕ್ಷೆಯ ಗುರುತನ್ನು ಆ ಕವಲಿನಿಂದ ಮಾತ್ರ ತೆಗೆದುಹಾಕಿ ನನ್ನ ಪರೀಕ್ಷೆಗಳನ್ನು ಓಡಿಸಿದಳು. ಮುಂಜಾನೆಯ ತೂಕಗಳು ಹಸಿರಾದವು. ಸಂಜೆಯ ತೂಕಗಳು ಒಂದೊಂದಾಗಿ ಕೆಂಪಾಗುತ್ತ ಇಳಿದವು. ನಾನು ಬರೆದ ಪರೀಕ್ಷೆಗಳು ಸರಿಯಾಗಿಯೇ ಇದ್ದವು. ಅವು ಹಿಡಿಯಬೇಕಾದದ್ದನ್ನು ಅವುಗಳ ಕಣ್ಣಿಗೆ ಬೀಳದಂತೆ ಮೊದಲೇ ಆರಿಸಿ ತೆಗೆದಿದ್ದರು.

"ಜಗದೇವಿ, ನನ್ನ ಹೆಸರು ಹೇಳಬ್ಯಾಡವಾ," ಅಂದಳು ನೂರಜಹಾನ್ ಮೆಲ್ಲಗೆ. "ನಮ್ಮ ಅಬ್ಬಾಗ ಹುಷಾರಿಲ್ಲ. ಮನೀ ನನ್ನ ಮ್ಯಾಲೇ ಅದ."

"ಹೇಳಂಗಿಲ್ಲ."

ರಾಘವೇಂದ್ರ ಸರ್ ಮಧ್ಯಾಹ್ನದ ಪೂಜೆ ಮುಗಿಸಿ ಮೇಲೆ ಬಂದರು. ಹಣೆಯ ಮೇಲೆ ಅಂಗಾರ, ಅಕ್ಷತೆ ಇನ್ನೂ ಹಸಿಯಾಗಿದ್ದವು. ನಾನು ಎದ್ದು ಅವರ ಮೇಜಿನ ಮುಂದೆ ನಿಂತೆ.

"ಸರ್, ಮಿಲ್ಲಿಗೆ ಹೋಗೋ ಪ್ರತಿಯೊಳಗ ಸಂಜೀ ತೂಕ ಕಡಿಮಿ ಮಾಡೋ ಸಾಲು ಅದರಿ."

ಅವರು ಗಾಬರಿಯಾಗಲಿಲ್ಲ. "ಓ, ಅದಾ? ಅದು ತೇವಾಂಶದ ಲೆಕ್ಕ. ದಿನವೆಲ್ಲಾ ಹೊರಗಿಟ್ರ ಬ್ಯಾಳಿ ತೇವ ಹೀರ್ತದ, ತೂಕ ಹೆಚ್ಚು ತೋರಸ್ತದ. ಕಳೀರಿ ಅಂತ ಸಿದ್ದಣ್ಣ ಸಾಹುಕಾರ್ರು ಹೇಳಿದ್ರು. ಗಿರಾಕಿ ಕೇಳಿದ್ದು ಮಾಡಿಕೊಡೋದು ನಮ್ಮ ಕೆಲಸ."

"ಹಂಗಾದ್ರ ಪರೀಕ್ಷೆ ಪ್ರತಿಯೊಳಗ ಯಾಕ ಇಲ್ರಿ?"

ಕನ್ನಡಕ ತೆಗೆದು ಒರೆಸಿಕೊಂಡರು. "ಇದ್ದಿದ್ರ ನೀ ಕೆಂಪು ತೋರಿಸ್ತಿದ್ದಿ. ಕಾರಣ ಕೇಳ್ತಿದ್ದಿ."

"ಒಬ್ಬಾಕಿ ಕಳ್ಳಿ ಅನಿಸ್ಕೊಂಡು ಹೋಗ್ಯಾಳ್ರಿ ಸರ್."

"ಕಳ್ಳಿ ಅಂತ ನಮ್ಮ ಪ್ರೋಗ್ರಾಂ ಎಲ್ಲಿ ಅಂದದ? ಅದು ಬರೇ ಅಂಕಿ ತೋರಸ್ತದ. ಅಂದವರು ಅವರು."

ಎಷ್ಟು ಮೆತ್ತಗೆ ಹೇಳಿದರು! ನನಗೆ ಪ್ರೀಪ್ರೊಸೆಸ್ ಕಲಿಸಿದ್ದೂ ಇದೇ ದನಿಯಲ್ಲಿ.

"ಸರ್, ನಾ ತೂಗಿ ತೋರಿಸಿದ್ದಕ್ಕೇ ಅವರು ಸುಮ್ಮನಾದ್ರು. ನೀವು ನನ್ನನ್ನೇ ಯಾಕ ಕಳಿಸಿದ್ರಿ?"

"ಕೂಡು ಜಗದೇವಿ. ನೀರು ಕುಡಿ. ನೋಡು, ನಿನಗ ತಿಳಿದದ್ದು ಛಲೋನೇ ಆತು. ಈ ಕೆಲಸಕ್ಕ ಎಷ್ಟು ಮಂದಿ ಬಂದಿದ್ರು ಗೊತ್ತದೇನು? ಇಂಗ್ಲಿಷ್ ಪಟಪಟ ಮಾತಾಡವರು ಬಂದಿದ್ರು. ಸಾಹುಕಾರ್ರೇ ನಿನ್ನ ಹೆಸರು ಹೇಳಿದ್ರು. ಹೆಣ್ಮಕ್ಕಳು ಯಂತ್ರ ನಂಬೂದಿಲ್ಲ, ಚಂದಮ್ಮನ ಮಗಳ ಮಾತು ನಂಬ್ತಾರ ಅಂತ. ಅದರಾಗ ತಪ್ಪೇನದ? ನಿನಗೂ ಕೆಲಸ ಸಿಕ್ತು. ಇನ್ನು ಮುಂದ ನಿಮ್ಮವ್ವನ್ನೂ ನೆಲದ ಮ್ಯಾಲಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಸ್ತೀನಿ. ಕುರ್ಚಿ ಮ್ಯಾಲಿನ ಕೆಲಸ."

ನನ್ನ ಓದಿಗೆ ಸಿಕ್ಕ ಕೆಲಸ ಎಂದುಕೊಂಡಿದ್ದೆ. ಕಾಗದದ ಮೇಲೆ ಬರೆದ ಉತ್ತರಗಳಿಗೆ ಸಿಕ್ಕ ಕೆಲಸ ಎಂದು ಓಣಿಯ ಮನೆಮನೆಗೆ ಪೇಡೆ ಕೊಟ್ಟಿದ್ದೆ. ಮಿಲ್ಲಿನ ಗೇಟಿನಲ್ಲಿ ಭಾಗ್ಯಳಿಗೂ ಒಂದು ಕೊಟ್ಟಿದ್ದೆ. ಅವಳು ಅದನ್ನು ಅರ್ಧ ಮುರಿದು ನನ್ನ ಬಾಯಿಗೇ ಇಟ್ಟಿದ್ದಳು.

ನಾನು ಕೂಡಲಿಲ್ಲ. ನೀರು ಕುಡಿಯಲಿಲ್ಲ. ನನ್ನ ಮೇಜಿನ ಕೆಳಗಿದ್ದ ಕಬ್ಬಿಣದ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ. ಕೆಳಗೆ ಪಾರ್ವತೀಬಾಯಿ, "ಯಾಕ ಮಗಾ, ಇಷ್ಟ ಲಗೂನ? ಚಹಾ ಕುಡದು ಹೋಗಬಾರದಾ?" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಕಮಲಾಪುರ ಮುಟ್ಟುವ ಹೊತ್ತಿಗೆ ಮಿಲ್ಲಿಗೆ ಫೋನ್ ಮುಟ್ಟಿತ್ತು.

ನಿಂಗಣ್ಣ ಗೇಟಿನ ಸರಳು ಹಿಡಿದು ನಿಂತಿದ್ದ. "ನಿನ್ನ ಒಳಗ ಬಿಡಬ್ಯಾಡ ಅಂದಾರ ಸಾಹುಕಾರ್ರು. ಆಫೀಸಿನ ಕಲ್ಲು ಕದ್ದು ಓಡಿ ಬಂದಿ ಅಂತಲ್ಲ? ನಿಮ್ಮ ಪೈಕಿ ಎಲ್ಲಾರೂ ಹಿಂಗೇ ಏನು?"

ಸಂಜೆ ತೂಕದ ಹೊತ್ತು. ಹೆಂಗಸರು ಬುಟ್ಟಿ ಹೊತ್ತು ಕಾಂಟಾದ ಮುಂದೆ ಸಾಲುಗಟ್ಟಿದ್ದರು. ಗೇಟಿನಿಂದ ಕಾಂಟಾಕ್ಕೆ ಕೂಗಳತೆಯೂ ಬೇಡ, ಪಿಸುಮಾತಿನ ದೂರ. ಆದರೂ ನನ್ನ ದನಿ ಹೊರಡಲಿಲ್ಲ. ಅವ್ವ ಸಾಲು ಬಿಟ್ಟು ಗೇಟಿಗೆ ಬಂದಳು.

"ಏನಾತವ್ವಾ?"

"ಅವ್ವಾ, ನೀವು ಹೇಳಿದ್ದೇ ಖರೇ. ಸಂಜೀ ತೂಕ ಕಳೀತದ. ಬೇಕಂತಲೇ ಹಂಗ ಬರದಾರ. ನನಗ ತೋರಿಸಿದ್ದೇ ಬ್ಯಾರೆ, ಇಲ್ಲಿಗೆ ಕಳಿಸಿದ್ದೇ ಬ್ಯಾರೆ."

ಅವ್ವ ಗೇಟಿನ ಸರಳು ಹಿಡಿದಳು. "ನನಗಷ್ಟ ಹೇಳಿದ್ರ ಏನ್ ಬಂತು? ಅವತ್ತು ಎಲ್ಲಾರ ಮುಂದ ಹೇಳಿದ್ಯಲ್ಲ. ಹಂಗೇ ಹೇಳು."

ಚೀಲದಿಂದ ಕಲ್ಲು ತೆಗೆದು ಸರಳಿನ ಸಂದಿಯಿಂದ ಅವ್ವನ ಕೈಗೆ ಕೊಟ್ಟೆ. ನಿಂಗಣ್ಣ ಕಸಿಯಲು ಬಂದ. ಅಷ್ಟರಲ್ಲಿ ಸಾಲಿನವರು ಬುಟ್ಟಿ ಇಳಿಸಿ ಅವನ ಸುತ್ತ ನಿಂತಿದ್ದರು. "ಮುಟ್ಟು ನೋಡಮು," ಎಂದಳು ಒಬ್ಬ ಮುದುಕಿ. ಅವನು ಕೈ ಹಿಂದೆ ತೆಗೆದ.

"ಎಡಗಡಿ ಬಟನ್ ಒತ್ತು ಅವ್ವಾ," ಎಂದು ಕೂಗಿದೆ.

ಅವ್ವ ಒತ್ತಿದಳು. ಕಲ್ಲು ಇಟ್ಟಳು. ಐದು ಕಿಲೋ.

"ಈಗ ಕಲ್ಲು ಹಂಗೇ ಇರಲಿ. ಬಲಗಡಿದು ಒತ್ತು."

ಒತ್ತಿದಳು. ಅಂಕಿ ಕೆಳಗಿಳಿಯಿತು. ಐದಕ್ಕೆ ನೂರು ಗ್ರಾಂ ಕಮ್ಮಿ.

ಒಬ್ಬಳು ಮುಂದೆ ಬಂದು ಎಡಗಡೆಯದನ್ನು ತಾನೇ ಒತ್ತಿದಳು, ಬಲಗಡೆಯದನ್ನು ಒತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಪ್ರತಿಯೊಬ್ಬಳೂ ತನ್ನ ಬೆರಳಿನಿಂದಲೇ ಒತ್ತಿ ನೋಡಿದಳು. ಕಲ್ಲು ಇದ್ದಲ್ಲೇ ಇತ್ತು. ಸಿದ್ದಣ್ಣ ಸಾಹುಕಾರ ಧೋತರದ ಚುಂಗು ಹಿಡಿದು ಬಂದ.

"ಏನ್ರವ್ವಾ ಇದು ಸಂತಿ? ಅದು ತೇವದ ಲೆಕ್ಕ. ಬ್ಯಾಳ್ಯಾಗ ತೇವ ಇರ್ತದ, ನಿಮಗ ತಿಳಿಯಂಗಿಲ್ಲ."

"ಇದು ಕಬ್ಬಿಣ ಅದರೀ ಸಾಹುಕಾರ್ರ," ಎಂದಳು ಅವ್ವ. "ಕಬ್ಬಿಣಾನೂ ತೇವ ಹೀರ್ತದೇನ್ರಿ?"

ಹೆಂಗಸರು ಗೊಳ್ಳೆಂದು ನಕ್ಕರು. ಈ ಸಲದ ನಗುವಿಗೆ ಸಾಹುಕಾರ ಯಾರನ್ನೂ ಬೈಯಲಿಲ್ಲ. ನನ್ನ ಕಡೆ ಬೆರಳು ಮಾಡಿದ. "ಆ ಹುಡುಗಿ ಏನೋ ಕರಾಮತ್ತು ಮಾಡ್ಯಾಳ. ನಾಳಿ ಇಂಜಿನಿಯರ್ ಬಂದು ಸರಿ ಮಾಡ್ತಾರ. ಈಗ ತೂಗಿಸಿ ಮನೀಗಿ ಹೋಗ್ರಿ. ಲಾರಿ ನಿಂತದ."

ಅವ್ವ ತನ್ನ ಬುಟ್ಟಿಯ ಮುಂದೆ ಕುಳಿತಳು. "ನಾಳಿ ಸರಿ ಮಾಡಿದ್ರ ಇಂದಿನ ತನಕ ಮುರಿದದ್ದು? ಅದೂ ಇರಲಿ, ಆಮ್ಯಾಲ ಮಾತಾಡಮು. ಮೊದಲ ಭಾಗ್ಯಾನ್ನ ಕರಸ್ರಿ."

"ಆಕಿ ಮಾತ್ಯಾಕ ಈಗ?"

"ಆಕಿ ಬರೂ ತನಕ ಒಂದು ಬುಟ್ಟಿನೂ ಏಳಂಗಿಲ್ಲ."

ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಯಾರೋ ಭಾಗ್ಯಳಿಗೆ ಫೋನ್ ಹಚ್ಚಿದರು. ಲಾರಿಯವನು ಹಾರ್ನ್ ಹೊಡೆದ, ಬೇಸತ್ತು ಇಳಿದು ಬೀಡಿ ಹಚ್ಚಿದ. ನಿಂಗಣ್ಣ ಒಬ್ಬೊಬ್ಬರ ಹೆಸರು ಹಿಡಿದು ಕರೆದ, ಹೆದರಿಸಿದ, ಕೊನೆಗೆ "ನಾನೂ ಕೂಲಿಯವನೇ ಅಲ್ಲೇನ್ರವ್ವಾ" ಎಂದು ಗೋಗರೆದ. "ಹೌದಪಾ, ಹಂಗಾದ್ರ ಬಾ, ಕುಂದ್ರು," ಎಂದು ಮುದುಕಿ ಪಕ್ಕದ ಜಾಗ ತೋರಿಸಿದಳು. ಅವನು ಕೂಡಲೂ ಇಲ್ಲ, ಹೋಗಲೂ ಇಲ್ಲ.

ಮಹಾಗಾಂವದ ಟೆಂಪೋ ಗೇಟಿನ ಮುಂದೆ ನಿಂತಿತು. ಭಾಗ್ಯ ಇಳಿದಳು. ನನ್ನ ಮಗ್ಗುಲಿಗೇ ಬಂದು ನಿಂತಳು, ನನ್ನ ಕಡೆ ನೋಡಲಿಲ್ಲ.

"ಅಕ್ಕಾ, ನಾ ಅಂದದ್ದು ತಪ್ಪಾತು. ನನಗೂ ಮೋಸ ಮಾಡ್ಯಾರ," ಅಂದೆ.

"ನಿನಗ ಮೋಸ ಮಾಡಿದ್ರ ನಿನ್ನ ಕೆಲಸ ಹೋತದ ತಂಗೀ," ಅಂದಳು ಭಾಗ್ಯ. "ನಂದು ಹೆಸರು ಹೋಗ್ಯದ."

ನಾನು ತಲೆ ತಗ್ಗಿಸಿದೆ.

ಸಾಹುಕಾರ ದನಿ ತಗ್ಗಿಸಿದ. ತಾನೇ ಗೇಟು ತೆರೆದ. "ಬಾರವ್ವಾ ಭಾಗ್ಯಾ. ಆದದ್ದು ಆಗಿ ಹೋತು. ನಾಳಿಂದ ಕೆಲಸಕ್ಕ ಬಾ. ಈಗ ಒಳಗ ಬಾ, ಆಫೀಸಿನ್ಯಾಗ ಕುಂತು ಚಹಾ ಕುಡಕೋತ ಮಾತಾಡಮು."

ಭಾಗ್ಯ ಹೊಸ್ತಿಲು ದಾಟಲಿಲ್ಲ.

"ಕಳ್ಳಿ ಅಂದದ್ದು ಆಫೀಸಿನ್ಯಾಗಲ್ರಿ," ಎಂದಳು. "ಇಲ್ಲಿ ನಿಂತು ಅಂದೀರಿ. ಅವತ್ತು ಇದ್ದವರೆಲ್ಲಾ ಇವತ್ತೂ ಕುಂತಾರ. ಹೇಳ್ರಿ, ಇಲ್ಲೇ ಹೇಳ್ರಿ."

ಸಾಹುಕಾರ ಲಾರಿಯ ಕಡೆ ನೋಡಿದ. ಟೆಂಪೋದಿಂದ ಇಣುಕುತ್ತಿದ್ದ ಮಹಾಗಾಂವದ ಮಂದಿಯ ಕಡೆ ನೋಡಿದ. ಕೆಮ್ಮಿ, ಧೋತರದ ಚುಂಗು ಸರಿಮಾಡಿಕೊಂಡ.

"ಟೆಂಪೋ ಬಂದ್ ಮಾಡೋ ಅಣ್ಣಾ," ಎಂದಳು ಭಾಗ್ಯ ಹಿಂದೆ ತಿರುಗದೆ. "ಇವರಿಗೆ ಹೊತ್ತು ಹಿಡೀತದ. ಎಲ್ಲಾರೂ ಕೇಳಿಸ್ಕೊಂಡೇ ಹೋಗಮು."

ಟೆಂಪೋದವನು ಇಂಜಿನ್ ಆರಿಸಿದ.